ಕೊನೆಯ ಎಪಿಸೋಡ್ ನೋಡದವನು

ಬೆಳಗಿನ ಲೋಕಲ್ ರೈಲು ದಾದರ್ ದಾಟುವಷ್ಟರಲ್ಲಿ ನೇತ್ರಾ ಅಳುತ್ತಿದ್ದಳು. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನೋಡಿ, ಮತ್ತೆ ಸುಲಿಯತೊಡಗಿದಳು.

ಫೋನಿನಲ್ಲಿ ‘ನೀಲಿ ಕಕ್ಷೆ’ಯ ಸೀಸನ್ ಆಗತಾನೇ ಮುಗಿದಿತ್ತು. ಭೂಮಿಯಲ್ಲಿದ್ದ ಎಂಜಿನಿಯರ್ ಒಬ್ಬ, ದೂರ ದೂರ ಸಾಗುತ್ತಿದ್ದ ನೌಕೆಯ ಕ್ಯಾಪ್ಟನ್ ಹೆಣ್ಣಿನ ಜೊತೆ ಸೀಸನ್ ಪೂರ್ತಿ ರೇಡಿಯೋದಲ್ಲಿ ಮಾತಾಡಿದ್ದ. ಇಂಧನ, ಗಾಳಿ, ದಾರಿ ಎಲ್ಲ ಮಾತಾಡಿದ್ದ, ಮನಸ್ಸಿನದೊಂದನ್ನು ಬಿಟ್ಟು. ಕೊನೆಗೆ ಅದನ್ನು ಹೇಳಲು ಬಾಯಿ ತೆರೆದಾಗ ನೌಕೆ ದನಿ ತಲುಪದಷ್ಟು ದೂರ ಹೋಗಿತ್ತು. ಅಷ್ಟೇ. ಪರದೆ ಕಪ್ಪಾಯಿತು.

ನೇತ್ರಾ ಹಿತೇಶನಿಗೆ ಉದ್ದದ ಮೆಸೇಜ್ ಹಾಕಿದಳು. ಫೋರ್ಟ್‌ನಲ್ಲಿ ಅವಳ ಆಫೀಸಿನ ಕೆಳಗಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು ಅವನು. ಹೋಟೆಲು ಅವನ ಮಾವನದು. ಒಂದು ಸಂಜೆ ಕಾಫಿ ಕುಡಿಯುತ್ತ ಅವಳು ಈ ಸೀರಿಯಲ್ ನೋಡುವಾಗ, ತಾನೂ ನೋಡುತ್ತೇನೆ ಎಂದಿದ್ದ. ಆಮೇಲೆ ಪ್ರತಿ ಎಪಿಸೋಡಿಗೂ ಮಾತು, ಜಗಳ, ಕದ್ದು ನೋಡುವ ಕಣ್ಣು.

ಉತ್ತರ ಬಂತು: ಚೆನ್ನಾಗಿತ್ತು, ಒಳ್ಳೆ ಎಂಡಿಂಗ್.

ಅವಳಿಗೆ ದಿನವಿಡೀ ಕೆಲಸದಲ್ಲಿ ಮನಸ್ಸು ಹತ್ತಲಿಲ್ಲ. ಅಪ್ಪ ಹೋದಮೇಲೆ ಮನೆ, ಆಫೀಸು, ಅವ್ವನ ಔಷಧ ಎಲ್ಲ ಅವಳ ಮೇಲೆಯೇ. ಭಾನುವಾರ ಸೋದರಮಾವ ವಿಜಯಪುರದಿಂದ ಗಂಡಿನವರನ್ನು ಕರೆತರುವವನಿದ್ದ. ಬೇಡ ಎಂದು ಎಷ್ಟು ಸಲ ಹೇಳುವುದು? ಹೂಂ ಅಂದುಬಿಟ್ಟರೆ ನಿದ್ದೆಯಾದರೂ ಬಂದೀತು ಅನಿಸಿತ್ತು.

ಸಂಜೆ ಹಿತೇಶ್ ತಾನೇ ಕಾಫಿ ತಂದಿಟ್ಟ. ಅವನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು.

“ಅಂವಾ ಕಡೀಗೂ ಹೇಳಲೇ ಇಲ್ಲ. ಅದರಾಗ ಏನ್ ಚಲೋ ಕಂಡಿತು ನಿಮಗ?” ಎಂದಳು ನೇತ್ರಾ.

“ಯಾರು?”

ಅವಳು ಅವನನ್ನೇ ನೋಡಿದಳು. ಅವನು ಸ್ವಚ್ಛವಾಗಿದ್ದ ಟೇಬಲ್ಲನ್ನೇ ಮತ್ತೆ ಒರೆಸಿದ.

“ಕೊನೇದು ನಾನು ನೋಡ್ಲೇ ಇಲ್ಲ,” ಎಂದ. “ಅದು ಮುಗಿದ್ರೆ ನಿಮ್ಮ ಹತ್ರ ಎಂತ ಮಾತಾಡುದು? ಕಾಫಿ ಕುಡಿದು ಹೋಗಿಬಿಡ್ತೀರಿ, ಅಲ್ವಾ?”

ನೇತ್ರಾಗೆ ನಗು ಬರಬೇಕಿತ್ತು. ಬದಲಿಗೆ ಅವಳು ಭಾನುವಾರ ಬರುವವರ ವಿಷಯ ಹೇಳಿದಳು, ರೈಲು ನಿಲ್ಲಿಸುವ ಮೆಗಾಬ್ಲಾಕ್‌ನ ಸುದ್ದಿ ಹೇಳುವವಳಂತೆ, ಯಾವ ಏರಿಳಿತವೂ ಇಲ್ಲದೆ. ಹಿತೇಶನ ಕೈ ಟೇಬಲ್ಲಿನ ಮೇಲೆ ನಿಂತಿತು. ಒಳಗಿನಿಂದ ಯಾರೋ ಎರಡು ಸಲ ಅವನನ್ನು ಕೂಗಿದರು. ಅವನು ತಿರುಗಲಿಲ್ಲ.

“ನಂಗೆ ನೀವು ಬೇಕು, ನೇತ್ರಾ. ಚಂದ ಮಾಡಿ ಹೇಳ್ಲಿಕ್ಕೆ ಬರುದಿಲ್ಲ. ಬೆಳಿಗ್ಗೆಯಿಂದ ನಿಂತು ನಿಂತು ತಲೆ ಓಡುದಿಲ್ಲ. ಆದ್ರೆ ಬೇಕು.”

ಈ ಮಾತು ಬಂದ ದಿನ ಎದೆ ಕುಣಿಯುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಕುಣಿಯಲಿಲ್ಲ. ಹೊತ್ತಿದ್ದ ಚೀಲವನ್ನು ಯಾರೋ ಇಳಿಸಿಕೊಂಡಂತಾಯಿತು, ಅಷ್ಟೇ. ಕಣ್ಣು ಮತ್ತೆ ತುಂಬಿತು.

“ನನಗ ಭಾಳ ಸಾಕಾಗೇದ್ರಿ,” ಎಂದಳು. “ಇವತ್ತ ಒಬ್ಬಾಕೇನ ಮನೀಗೆ ಹೋಗೂದು ಬ್ಯಾಡ ಅನಸ್ತದ.”

ಹಿತೇಶ್ ಮಾವನನ್ನು ಗಲ್ಲಾದಲ್ಲಿ ಕೂರಿಸಿ ಹೊರಟ. ಸಂಜೆಯ ರಶ್ಶಿನಲ್ಲಿ ಅವನು ಹಾಗೆ ಎದ್ದು ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಚರ್ಚ್‌ಗೇಟಿನಲ್ಲಿ ನೇತ್ರಾ ಲೇಡೀಸ್ ಡಬ್ಬಿ ಬಿಟ್ಟು ಅವನ ಜೊತೆ ವಿರಾರ್ ಲೋಕಲ್ ಹತ್ತಿದಳು. ಜನರ ಗರ್ದಿಯಲ್ಲಿ ಮಾತಿಗೆ ಜಾಗವಿರಲಿಲ್ಲ. ಯಾರ ಮೊಣಕೈಯೂ ಅವಳಿಗೆ ತಾಕದಂತೆ ಅವನು ತೋಳು ಚಾಚಿ ನಿಂತ. ಅಂಧೇರಿಯಲ್ಲಿ ಇಬ್ಬರು ಎದ್ದರು. ಕೂತದ್ದೇ ತಡ, ಅವಳಿಗೆ ಅವನ ಭುಜದ ಮೇಲೆ ನಿದ್ದೆ ಹತ್ತಿತು.

ಎಚ್ಚರವಾದಾಗ ಹೊರಗೆ ಮೀರಾ ರೋಡ್ ಸ್ಟೇಷನ್, ಅವಳು ಇಳಿಯಬೇಕಿದ್ದ ದಹಿಸರ್‌ನ ಮುಂದಿನದು.

“ದಹಿಸರ್ ಹೋತು? ಯಾಕ ಎಬ್ಬಿಸಲಿಲ್ಲ?”

“ನೀನು ಅಷ್ಟು ಚಂದ ಮಲಗಿದ್ದಿ.”

ಅವನ ಬಾಯಿಂದ ಬಂದ ಮೊದಲ ‘ನೀನು’ ಅದು. ಅವಳು ಕೇಳಿಸದವಳಂತೆ ಸೆರಗು ಸರಿಮಾಡಿಕೊಂಡಳು. ಕಿವಿಗಳು ಮಾತ್ರ ಬಿಸಿಯಾದವು.

ಇಳಿದು, ವಾಪಸು ಹೋಗುವ ಪ್ಲಾಟ್‌ಫಾರ್ಮಿಗಾಗಿ ಸೇತುವೆ ಹತ್ತುತ್ತ ಅವಳು ಅವ್ವ ಚನ್ನವ್ವನಿಗೆ ಫೋನ್ ಮಾಡಿದಳು.

“ಅವ್ವಾ, ಗಂಡಿನವರು ಬರೂದು ಬ್ಯಾಡ ಅಂತ ಮಾಮಾಗ ಹೇಳು. ನಾನು ಒಬ್ರನ್ನ ಕರಕೊಂಡು ಬರಾಕತ್ತೀನಿ. ಎರಡು ರೊಟ್ಟಿ ಹೆಚ್ಚಿಗಿ ಬಡಿ.”

ಚನ್ನವ್ವ ಕೇಳಿದ್ದು ಒಂದೇ ಮಾತು. ನೇತ್ರಾ ಫೋನಿಗೆ ಕೈ ಮುಚ್ಚಿ ಹಿತೇಶನ ಕಡೆ ತಿರುಗಿದಳು.

“ಖಾರ ತಿಂತಾರೇನು ಅಂತ ಕೇಳಾಕತ್ತಾಳ.”

ಅವನು ಮೆಟ್ಟಿಲ ಮೇಲೆಯೇ ನಿಂತು ದಣಿದ ಮುಖದಲ್ಲಿ ನಕ್ಕ.

“ಕಲೀತೇನೆ ಅಂತ ಹೇಳು.”