ಲಾಕ್ ರಿಂಗಿನ ಕೆಳಗಿನ ಕೆಂಪು

೨೦೦೩ರ ಅಕ್ಟೋಬರ್ ೫, ಭಾನುವಾರ, ಬೆಳಿಗ್ಗೆ ೧೦.೧೦. ಅಬುಧಾಬಿಯ ಬನಿಯಾಸ್ ಕಡೆಯ ಠಾಣೆಗೆ ಬಂದ ಮಂಗಳೂರಿನ ಮಾರ್ಸೆಲ್, ಕುರ್ಚಿ ತೋರಿಸಿದರೂ ಕೂರದೆ ದೂರು ಹೇಳಿದ. ಶೂಟಿಂಗ್ ಕ್ಲಬ್ಬೊಂದರಲ್ಲಿ ರೈಫಲ್ಲಿನ ಖಾಲಿ ಕಾಡತೂಸುಗಳನ್ನು ಮತ್ತೆ ತುಂಬುವುದು ಅವನ ಕೆಲಸ. ಅವನ ಯಂತ್ರವನ್ನು ಯಾರೋ ಮುಟ್ಟಿದ್ದರು. ಬೆಳಿಗ್ಗೆ ತುಂಬಿಕೊಟ್ಟ ಒಂದು ಕಾಡತೂಸೂ ರೈಫಲ್ಲಿನೊಳಗೆ ಕೂರಲಿಲ್ಲ. ಗುರುವಾರ ಪಂದ್ಯ. ಇದು ಮಾರ್ಸೆಲ್‌ನದೇ ಬೇಜವಾಬ್ದಾರಿ ಎಂದು ಕ್ಲಬ್ಬಿನ ಕಾರ್ಯದರ್ಶಿ ಜುಬೈದ ಎಲ್ಲ ಸರಿಮಾಡಲು ಸಂಜೆ ಐದರ ಗಡುವು ಕೊಟ್ಟಿದ್ದರು. ಆಮೇಲೆ ವೀಸಾ ಕ್ಯಾನ್ಸಲ್, ಊರಿನ ಟಿಕೆಟ್.

ಇನ್ಸ್‌ಪೆಕ್ಟರ್ ಬದ್ರುದ್ದೀನ್ ದೂರು ದಾಖಲಿಸಿ, ಕಾನ್ಸ್‌ಟೇಬಲ್ ಅದ್ದುವನ್ನು ಜೀಪಿಗೆ ಹತ್ತಿಸಿಕೊಂಡರು. ಮಂಗಳೂರು ಬಂದರಿನ ಬ್ಯಾರಿ ಅದ್ದುವಿಗೆ ಈ ಸಮವಸ್ತ್ರದಲ್ಲಿ ಇಪ್ಪತ್ತೆರಡು ವರ್ಷ. ಕಾಗದದ ಮೇಲೆ ಅರಬ್ಬಿ ಹೆಸರು ಏನೇ ಇರಲಿ, ಅವನ ಬಾಯಲ್ಲಿ ಎಫ್‌ಐಆರ್ ಎಫ್‌ಐಆರೇ, ಪಂಚನಾಮೆ ಪಂಚನಾಮೆಯೇ.

೧೧.೩೦ಕ್ಕೆ ಪಂಚನಾಮೆ ಶುರುವಾಯಿತು. ಬೀಗ ಮುರಿದಿಲ್ಲ, ಒಂದು ಕಾಡತೂಸೂ ಕಳೆದಿಲ್ಲ. ಮಾರ್ಸೆಲ್ ಯಂತ್ರ ತೋರಿಸಿದ. ಗುಂಡು ಹಾರಿದ ಹಿತ್ತಾಳೆ ಕೋಶ ಉಬ್ಬಿರುತ್ತದೆ. ಡೈ ಎಂಬ ಉಕ್ಕಿನ ಅಚ್ಚು ಅದನ್ನು ಒತ್ತಿ ಮೊದಲಿನ ಅಳತೆಗೆ ತರಬೇಕು. ಡೈ ಒಂದು ಕಾಗದದ ದಪ್ಪದಷ್ಟು ಮೇಲೆ ನಿಂತರೂ ಕೆಲಸ ಕೆಟ್ಟಿತು. ಅದು ಅಲುಗದಂತೆ ಹಿಡಿಯುವುದು ಲಾಕ್ ರಿಂಗ್.

"ಈ ಕೋಣೆಗೆ ಯಾರು ಬರುತ್ತಾರೆ?" ಇನ್ಸ್‌ಪೆಕ್ಟರರ ಹಿಂದಿ ಚೆನ್ನಾಗಿತ್ತು.

"ನಾನೊಬ್ಬನೇ ಸರ್."

"ನೆಲ ಒರೆಸುವುದು?"

ಮಾರ್ಸೆಲ್ ತಡವರಿಸಿದ. "ಕೃಷ್ಣಪ್ಪ. ಅವನು ಒರೆಸುವಾಗ ನಾನು ಹತ್ತು ನಿಮಿಷ ಚಾ ಕುಡೀಲಿಕ್ಕೆ ಹೋಗ್ತೇನೆ."

ಒರೆಸುವವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮಾರ್ಸೆಲ್‌ನೂ ಹಿಡಿದಿರಲಿಲ್ಲ. ಇನ್ಸ್‌ಪೆಕ್ಟರ್ ಲಾಕ್ ರಿಂಗ್ ಬಿಚ್ಚಿಸಿದರು. ಅದರ ಕೆಳಗೆ, ಮರೆಯ ಸಂದಿನಲ್ಲಿ ಕೆಂಪು.

"ರಕ್ತ," ಎಂದರು ಅವರು ಗಂಭೀರವಾಗಿ.

ಅದ್ದು ಬೆರಳಿನಿಂದ ಮುಟ್ಟಿ ಮೂಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ರಕ್ತ ಅಲ್ಲ ಸರ್, ಕುಂಕುಮ. ನಿನ್ನೆ ಆಯುಧಪೂಜೆ. ನಮ್ಮ ಊರಲ್ಲಿ ಗ್ಯಾರೇಜಿನವರು ಹತ್ಯಾರೆಲ್ಲ ಬಿಚ್ಚಿ, ತೊಳೆದು, ಬೊಟ್ಟು ಇಡ್ತಾರೆ. ನಮ್ಮ ಬಾಪನ ಲಾರಿ ಅವರಲ್ಲೇ ರಿಪೇರಿ ಆಗುದು. ಪ್ರತಿ ವರ್ಷ ಚರುಮುರಿ ತಿಂದವ ನಾನು."

ಕೋಣೆಯ ಕಸದ ಬುಟ್ಟಿಯಲ್ಲಿ, ಕತ್ತರಿಸಿ ಕುಂಕುಮ ಹಚ್ಚಿದ ನಿಂಬೆಹಣ್ಣೂ ಸಿಕ್ಕಿತು. ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡರು.

ಕೃಷ್ಣಪ್ಪ ಪ್ಯಾಂಟ್ರಿಯಲ್ಲಿ ಲೋಟ ತೊಳೆಯುತ್ತಿದ್ದ. ಉಡುಪಿಯವನು, ನಲವತ್ತೆಂಟರ ಗಟ್ಟಿ ಆಳು.

"ಡೈ ಬಿಚ್ಚಿದ್ದು ನೀನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಹೌದು ಸರ್. ಎಣ್ಣೆಜಿಡ್ಡು ಇತ್ತು. ಒರೆಸಿ, ಬೊಟ್ಟಿಟ್ಟು, ಎಲ್ಲಿತ್ತೋ ಅಲ್ಲಿಗೇ ತಿರುಗಿಸಿದೆ."

"ಅಳತೆ ನೋಡಿದೆಯಾ?"

"ಕಣ್ಣಂದಾಜು ಸರ್."

"ಅನುಮತಿ?"

"ದೇವರ ಕೆಲಸಕ್ಕೆ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ."

ಸಂಜೆ ೪.೨೦ಕ್ಕೆ ಕ್ಲಬ್ಬಿನಲ್ಲೇ ಬಂಧನ ದಾಖಲಾಯಿತು. ಕಾಡತೂಸಿನ ಕೋಣೆಯಲ್ಲಿ ಅನುಮತಿಯಿಲ್ಲದೆ ಯಂತ್ರ ಮುಟ್ಟುವುದು ತಮಾಷೆಯಲ್ಲ. ಅಷ್ಟರಲ್ಲಿ ಮಾರ್ಸೆಲ್ ಡೈಯನ್ನು ಕೂದಲೆಳೆಯಷ್ಟು ಕೆಳಗೆ ತಿರುಗಿಸಿ, ಒಂದೊಂದೇ ಖಾಲಿ ಕೋಶ ಒತ್ತಿ, ರೈಫಲ್ಲಿನಲ್ಲಿಟ್ಟು ನೋಡುತ್ತಿದ್ದ. ಏಳನೆಯದಕ್ಕೆ, ರೈಫಲ್ಲಿನ ಹಿಂಬದಿ ಮುಚ್ಚುವ ಬೋಲ್ಟ್ ಸಲೀಸಾಗಿ ಕೂತಿತು. ಜುಬೈದ ತಾವೇ ಮುಚ್ಚಿ ತೆರೆದು ನೋಡಿ, ಸಿದ್ಧಮಾಡಿಟ್ಟಿದ್ದ ವಜಾ ಪತ್ರವನ್ನು ನಾಲ್ಕಾಗಿ ಹರಿದರು. "ಖಲಾಸ್. ಗುರುವಾರಕ್ಕೆ ಮುನ್ನೂರು ಬೇಕು," ಎಂದರು. ಮಾರ್ಸೆಲ್‌ಗೆ ಹೋದ ಜೀವ ಬಂದಂತಾಯಿತು.

ಹೇಳಿಕೆಯ ಕೊನೆಗೆ ಉದ್ದೇಶ ಬರೆಯಬೇಕಿತ್ತು. ಕೃಷ್ಣಪ್ಪ ನೆಲ ನೋಡುತ್ತ ಹೇಳಿದ, ಅದ್ದು ಇನ್ಸ್‌ಪೆಕ್ಟರರಿಗೆ ತಿಳಿಸಿದ. ಹದಿನಾಲ್ಕು ವರ್ಷ ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು; ಗ್ಯಾರೇಜು ಮುಚ್ಚಿತು, ಸಿಕ್ಕಿದ್ದು ಈ ಕೆಲಸ. ಎರಡು ವರ್ಷ ನವಮಿಯ ದಿನ ಮಾಪ್ ನೋಡುತ್ತ ಕೂತಿದ್ದ. ಅದಕ್ಕೆ ಬೊಟ್ಟಿಡಲು ಮನಸ್ಸು ಬರಲಿಲ್ಲ. ಈ ವರ್ಷ ತಡೆಯಲಾಗಲಿಲ್ಲ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಮಾರ್ಸೆಲ್, ದೂರು ಮುಂದುವರಿಸುವುದಾ?"

"ಬೇಡ ಸರ್. ಮುನ್ನೂರು ತುಂಬ್ಲಿಕ್ಕೆ ನಂಗೆ ಒಬ್ಬ ಜನ ಬೇಕು."

ಜುಬೈದ ಬೇಡವೆನ್ನಲಿಲ್ಲ. ೪.೫೫ಕ್ಕೆ ಬಿಡುಗಡೆ ದಾಖಲಾಯಿತು. ಅದ್ದುವಿಗೆ ಒಳಗೊಳಗೇ ಖುಷಿಯೋ ಖುಷಿ.

ಮಾರ್ಸೆಲ್ ಸ್ಪ್ಯಾನರ್ ಚಾಚಿದ. "ಬಾ ಮಾರಾಯ, ರಿಂಗ್ ನೀನೇ ಬಿಗಿ ಮಾಡು. ಡೈ ಅಲುಗಬಾರ್ದು."

"ಒಂದು ನಿಮಿಷ," ಎಂದು ಕೃಷ್ಣಪ್ಪ ಕೈ ತೊಳೆದುಕೊಳ್ಳಲು ಹೋದ.