ಮೂವತ್ತು ಕಿಲೋಮೀಟರ್ ದೂರದ ಕಳ್ಳ

ಸೈಕಲ್ ಕ್ಲಬ್ಬಿನ ಗಾಜಿನ ಪೆಟ್ಟಿಗೆ ಖಾಲಿ! ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗಿದ್ದ ಹಳದಿ ಜೆರ್ಸಿ ಮಾತ್ರ ಮಾಯ.

ಕೊಲಂಬಿಯಾದ ಬೆಟ್ಟಸೀಮೆಯ ತಿಬಾಕೇರಾದಲ್ಲಿ ಸೈಕಲ್ ಎಂದರೆ ಊರಿನ ಮಾನ. ಊರಿನ ಮೊದಲ ಚಾಂಪಿಯನ್ ತೊಟ್ಟ ಜೆರ್ಸಿ ಅದು. ನಾಳೆಯ ಪಂದ್ಯಕ್ಕೆ ಅದನ್ನು ತೊಡುವ ಹಕ್ಕು ತಂಡದ ನಾಯಕಿ ನುಬಿಯಾಳದು. ಪೆಟ್ಟಿಗೆಗೆ ಎರಡೇ ಕೀಲಿಕೈ. ಒಂದು ಅವಳ ಬಳಿ, ಇನ್ನೊಂದು ಉಪನಾಯಕ ಎಲಿಬೆರ್ತೊನ ಬಳಿ. ಊರೆಲ್ಲ ಚರ್ಚಿನಲ್ಲಿದ್ದಾಗ ಕಳವು ನಡೆದಿತ್ತು.

“ಆಗ ಎಲ್ಲಿದ್ದೆ?” ಸಾರ್ಜೆಂಟ್ ಪುಲಿದೊ ನುಬಿಯಾಳನ್ನು ಕೇಳಿದ.

“ಮನೇಲಿ ಮಲಗಿದ್ದೆ.”

“ನೋಡಿದವರು?”

“ಮಲಗೋದನ್ನ ನೋಡೋಕೆ ಜನ ಕರೆಸ್ಬೇಕಿತ್ತಾ?”

ಯಾರೂ ನಗಲಿಲ್ಲ. ನಾಯಕಿಯ ಪಟ್ಟ ಹೋದರೆ ಹೋಗಲಿ, ಕಳ್ಳಿ ಎನ್ನಿಸಿಕೊಂಡು ಈ ಊರಲ್ಲಿ ಪೆಡಲ್ ತುಳಿಯುವುದು ಹೇಗೆ? ನುಬಿಯಾಳಿಗೆ ಅದೇ ಚಿಂತೆ.

ಎಲಿಬೆರ್ತೊ ತನ್ನ ಸೈಕಲ್ ಮೀಟರ್ ತೋರಿಸಿದ. “ನೋಡಿ ಸಾರ್, ಒಂದು ಗಂಟೆ, ಮೂವತ್ತು ಕಿಲೋಮೀಟರ್. ಈ ವೇಗದಲ್ಲಿ ಹೋದೋನು ಆಗ ಅಷ್ಟು ದೂರದ ಸೊಗಮೋಸೊ ಪೇಟೇಲಿದ್ದೆ. ವಾಪಸ್ ಬಂದಿದ್ದು ಆಲೂಗಡ್ಡೆ ಲಾರೀಲಿ.”

ಜನ ತಲೆಯಾಡಿಸಿದರು. ತಿಬಾಕೇರಾದಲ್ಲಿ ಪಾದ್ರಿಯ ಮಾತಿಗಿಂತ ಮೀಟರಿನ ಮಾತಿಗೆ ಬೆಲೆ ಹೆಚ್ಚು.

“ಅದು ವೇಗ ಅಲ್ಲಪ್ಪ, ಜವ.”

ಹಿಂದಿನಿಂದ ಬಂದ ದನಿ ಭೌತಶಾಸ್ತ್ರದ ಟೀಚರ್ ದೋನ್ಯಾ ಒತಿಲಿಯಾ ಅವರದು.

“ಶುರುವಾಯ್ತು ಪಾಠ!” ಎಂದ ಎಲಿಬೆರ್ತೊ. “ಎರಡೂ ಒಂದೇ ಅಲ್ವಾ ಟೀಚರ್?”

“ಒಂದೇ ಅಂತ ಬರೆದೇ ನೀನು ಫೇಲಾಗಿದ್ದು.” ಅವರು ಕುಕ್ಕರಗಾಲಲ್ಲಿ ಕೂತು ಅವನ ಸೈಕಲ್ಲಿನ ಟೈರಿನ ಮೇಲೆ ಬೆರಳಾಡಿಸಿದರು. “ಸೊಗಮೋಸೊ ರಸ್ತೆ ಹೇಗಿತ್ತು?”

“ಡಾಂಬರು. ಕಣಿವೆ ಗುಂಟ ನೆಟ್ಟಗೆ.”

“ಮತ್ತೆ ಟೈರಿನ ಎಡಮಗ್ಗುಲಿಗೆ ಮಾತ್ರ ಇಟ್ಟಿಗೆ ಪುಡಿ ಯಾಕೆ ಮೆತ್ತಿದೆ?”

ಎಲಿಬೆರ್ತೊ ಸೈಕಲ್ಲನ್ನು ಹಿಂದಕ್ಕೆಳೆದುಕೊಂಡ.

“ಸಾರ್ಜೆಂಟ್, ಮೀಟರ್ ಸುಳ್ಳು ಹೇಳಿಲ್ಲ” ಎಂದರು ಟೀಚರ್. “ಎಷ್ಟು ಬಿರುಸಾಗಿ ಹೋದ ಅನ್ನೋದಷ್ಟೇ ಅದಕ್ಕೆ ಗೊತ್ತು. ಅದು ಜವ. ಯಾವ ಕಡೆ ಹೋದ ಅನ್ನೋದೂ ಸೇರಿದ್ರೆ ವೇಗ. ಅದನ್ನ ನೀವ್ಯಾರೂ ಕೇಳಲೇ ಇಲ್ಲ! ಕ್ಲಬ್ಬಿನ ಹಿಂದೆ ಇಟ್ಟಿಗೆ ಪುಡಿ ಟ್ರ್ಯಾಕ್ ಇದೆಯಲ್ಲ — ಅಲ್ಲಿ ಯಾವಾಗಲೂ ಎಡಕ್ಕೇ ತಿರುಗೋದು, ಎಡಕ್ಕೇ ವಾಲೋದು. ಮೂವತ್ತು ಕಿಲೋಮೀಟರ್ ತುಳಿದಿದ್ದು ನಿಜ. ಆದ್ರೆ ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬಂದ. ನಡುವೆ ಇಳಿದು ಕದಿಯೋವಾಗ ಚಕ್ರ ನಿಂತಿತ್ತು, ಮೀಟರೂ ನಿಂತಿತ್ತು. ಕಳ್ಳ ಊರು ಬಿಟ್ಟೇ ಇಲ್ಲ! ಎಲಿಬೆರ್ತೊ, ಇಷ್ಟು ಬಿಸಿಲಲ್ಲಿ ಕತ್ತಿನ ತನಕ ಜಾಕೆಟ್ಟಿನ ಜಿಪ್ ಏರಿಸಿದೀಯಲ್ಲ, ಇಳಿಸು.”

ಜಿಪ್ ಇಳಿಯಿತು. ಒಳಗೆ ಹಳದಿ ಕಾಲರ್.

“ಒಂದ್ಸಲ ಹಾಕ್ಕೊಂಡು ನೋಡ್ಬೇಕು ಅನ್ನಿಸ್ತು...” ಎಂದು ಅವನು ತಡವರಿಸಿದ.

“ಅದಕ್ಕೆ ಈ ಹುಡುಗೀನ ಕಳ್ಳಿ ಮಾಡ್ಬೇಕಿತ್ತಾ?” ಎಂದು ಟೀಚರ್ ಗದರಿದರು.

ತನ್ನ ಟೀಚರ್ ಎಂಬ ಹೆಮ್ಮೆಯಿಂದ ನುಬಿಯಾಳ ಎದೆ ಉಬ್ಬಿತು. ಸಾರ್ಜೆಂಟ್ ತಲೆ ತಗ್ಗಿಸಿ ಜೆರ್ಸಿಯನ್ನು ಅವಳ ಕೈಗಿಟ್ಟ. “ನಾಳೆ ನೀನೇ ಹಾಕ್ಕೋಬೇಕಮ್ಮ.”

“ಹಾಕ್ಕೋತೀನಿ. ಮೊದ್ಲು ಒಗೀತೀನಿ” ಎಂದಳು ನುಬಿಯಾ, ಎಲ್ಲರಿಗೂ ಕೇಳುವ ಹಾಗೆ. “ಇವನ ಬೆವರು ಹೊತ್ಕೊಂಡು ನಾನು ಗೆಲ್ಲಲ್ಲ.”