ಹರಿಗೋಲಿನ ಕಲ್ಲು

೧೯೫೬ರಲ್ಲಿ ಶಿರಾ ಸೀಮೆಯ ನಮ್ಮೂರ ಕೆರೆ ತುಂಬಿ ದಾರಿ ಮುಳುಗಿತ್ತು. ದಡದ ನೆಂಟರ ಮನೆಗಳಿಗೆ ಹರಿಗೋಲಿನಲ್ಲೇ ಹೋಗಬೇಕಿತ್ತು. ಒಬ್ಬನೇ ಕೂತರೆ ಹರಿಗೋಲು ವಾಲುತ್ತದೆಂದು ಅಂಬಿಗ ಬುಡನ್ ಸಾಬ್ ಎದುರಿಗೊಂದು ದಪ್ಪ ಕಲ್ಲಿಡುತ್ತಿದ್ದ.

ಮೊದಲು ಹಾಸಿಗೆ ಹಿಡಿದಿದ್ದ ದೊಡ್ಡಮ್ಮ ಶಿವರುದ್ರಮ್ಮನನ್ನು ನೋಡಿದೆ.

“ನನ್ನೂ ಕರ್ಕೊಂಡೋಗು ಕಣ್ಲಾ, ಮಗಳ ಮಕ ನೋಡ್ಬೇಕು,” ಎಂದಳು.

ಮುಂದಿನ ವಾರವೆಂದು ನುಣುಚಿಕೊಂಡು, ಆಚೆ ದಡದಲ್ಲಿದ್ದ ಆ ಮಗಳ ಮನೆಗೆ ಹೊರಟೆ.

ನಡುನೀರಿನಲ್ಲಿ ಬುಡನ್ ಸಾಬ್ ಹುಟ್ಟು ಹಾಕುವುದನ್ನು ನಿಲ್ಲಿಸಿದ. “ಕಲ್ಲು ದಡದಲ್ಲೇ ಬುಟ್ಬುಟ್ಟೆ ಕಣಪ್ಪಾ.”

ಎದುರಿನ ಜಾಗ ಖಾಲಿಯಿತ್ತು. ಹರಿಗೋಲು ಮಾತ್ರ ವಾಲಿರಲಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಆ ಖಾಲಿ ಜಾಗದಿಂದ ತಣ್ಣಗೆ ಬೀಸುತ್ತಿತ್ತು. ದೊಡ್ಡಮ್ಮನ ಕೋಣೆಯ ನೀಲಗಿರಿ ಎಣ್ಣೆಯ ವಾಸನೆಯೂ ಇತ್ತು.

ಬುಡನ್ ಸಾಬ್ ಮತ್ತೆ ಹುಟ್ಟು ಹಾಕಿದ. ಮಗಳ ಮನೆಯ ದಡ ಮುಟ್ಟಿದಾಗ ನಾನಿನ್ನೂ ಕೂತೇ ಇದ್ದೆ. ಹರಿಗೋಲು ಮೆಲ್ಲಗೆ ನನ್ನ ಕಡೆಗೆ ವಾಲಿತು.